ಹೊತ್ತು ಸಾಗುವುದೋ, ಹೊತ್ತಿ ಸಾಗುವುದೋ: ನರಾವೇಗದ ಕನ್ನಡ ಮತ್ತು ತಾಳವಾಡಿಯ ಒಂದು ಪಾಠ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನಮ್ಮ ಗೋಷ್ಠಿಯ ವಿಷಯ ಕನ್ನಡದ ಜ್ಞಾನಸಾಹಿತ್ಯ. ಇಲ್ಲಿ ನಾನು ಒಂದು ಇಡೀ ಪುಸ್ತಕವನ್ನು ಎತ್ತಿಕೊಂಡಿಲ್ಲ, ಒಂದೇ ಒಂದು ವಾಕ್ಯವನ್ನು ವಿಮರ್ಶೆಗೆ ತಗೊಂಡಿದ್ದೀನಿ. ಅದಕ್ಕೆ ಒಬ್ಬ ಲೇಖಕ ಅಂತ ಇಲ್ಲ. ಶಾಲೆಯ ಪಾಠ ಹೇಳುವಾಗ, ಪತ್ರಿಕೆಯ ಆರೋಗ್ಯ ಪುಟದಲ್ಲಿ, ಆಸ್ಪತ್ರೆಯ ಮಾತಿನಲ್ಲಿ, ನಮ್ಮ ಜನಪ್ರಿಯ ಕಾದಂಬರಿಗಳಲ್ಲಿ ಕೂಡ ಅದು ವೇಷ ಬದಲಿಸಿಕೊಂಡು ಬರುತ್ತದೆ: ನರಗಳು ತಂತಿಯ ಹಾಗೆ, ಅವುಗಳಲ್ಲಿ ವಿದ್ಯುತ್ ಹರಿಯುತ್ತದೆ.

ಕಾದಂಬರಿಯಲ್ಲಿ ನಾಯಕ ಕೈ ಹಿಡಿದ ಕೂಡಲೇ ನಾಯಕಿಯ ಮೈಯಲ್ಲಿ ವಿದ್ಯುತ್ ಸಂಚಾರ ಆಗ್ತದಲ್ಲ, ಅದೂ ಇದೇ ವಾಕ್ಯದ ಸಂತಾನ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಪಾಠದ ವಾಕ್ಯದ ಬಗ್ಗೆ. ಕನ್ನಡದಲ್ಲಿ ವಿಜ್ಞಾನ ಬರೆಯೋದು ಹೇಗೆ ಎಂಬ ಚರ್ಚೆ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಪತ್ರಿಕೆ ತಂದ ಕಾಲದಿಂದಲೂ ಇದೆ. ಆ ಚರ್ಚೆಯ ಬಹುಪಾಲು ನಾಮಪದಗಳ ಸುತ್ತಲೇ ತಿರುಗಿದೆ. ಆಕ್ಸಾನ್ ಅನ್ನಬೇಕೋ ನರತಂತು ಅನ್ನಬೇಕೋ, ಸಂಸ್ಕೃತದಿಂದ ಕಟ್ಟಬೇಕೋ, ಡಿ.ಎನ್. ಶಂಕರ ಭಟ್ಟರು ಹೇಳುವ ಹಾಗೆ ಕನ್ನಡದ್ದೇ ಬೇರಿನಿಂದ ಕಟ್ಟಬೇಕೋ, ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಇಟ್ಟುಕೊಳ್ಳಬೇಕೋ. ಇವೆಲ್ಲ ಬೇಕಾದ ಚರ್ಚೆಗಳೇ. ಆದರೆ ನರದ ವಿಷಯದಲ್ಲಿ ಪಾಠ ಕೆಡೋದು ನಾಮಪದದಿಂದ ಅಲ್ಲ, ‘ಹರಿಯುತ್ತದೆ’ ಎಂಬ ಕ್ರಿಯಾಪದದಿಂದ. ಇಷ್ಟೇ ನನ್ನ ವಾದ.

ಇದು ನನಗೆ ಹೊಳೆದದ್ದು ತಾಳವಾಡಿಯಲ್ಲಿ, ಹತ್ತನೇ ತರಗತಿಯ ಮಕ್ಕಳಿಗೆ ಸಂಜೆ ಪಾಠ ಹೇಳುವಾಗ. ಊರು ಗೊತ್ತಿಲ್ಲದವರಿಗೆ ಎರಡು ಮಾತು. ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಸತ್ಯಮಂಗಲದಿಂದ ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವು ಹತ್ತಿದರೆ ಸಿಗುವ ಬೆಟ್ಟದ ಮೇಲಿನ ನಾಡು. ಈರೋಡಿಗಿಂತ ಚಾಮರಾಜನಗರವೇ ಹತ್ತಿರ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ರಾಜ್‌ಕುಮಾರ್ ಅವರ ಗಾಜನೂರು ಅಂದರೆ ಎಲ್ಲರಿಗೂ ನೆನಪಾಗ್ತದೆ, ಅದು ಇರೋದು ಇಲ್ಲೇ. ಮನೆಮಾತು, ಸಂತೆಮಾತು ಕನ್ನಡ. ಕನ್ನಡ ಮಾಧ್ಯಮದ ಶಾಲೆಗಳಿವೆ. 2006ರ ತಮಿಳು ಕಲಿಕೆ ಕಾಯ್ದೆಯ ಪ್ರಕಾರ ಆ ಮಕ್ಕಳು ತಮಿಳನ್ನೂ ಓದಬೇಕು. ಹೀಗಾಗಿ ಒಂದೇ ಮಗುವಿನ ಚೀಲದಲ್ಲಿ ನರ, ನರಂಬು, ನರ್ವ್ ಮೂರೂ ಇರುತ್ತವೆ.

ನರವ್ಯೂಹದ ಪಾಠ ನಡೀತಿತ್ತು. ‘ಹರಿಯುತ್ತದೆ’ ಅಂತ ಓದಿದ್ದೇ ಒಬ್ಬಳು ಹುಡುಗಿ ಕೇಳಿದಳು: “ಅಕ್ಕಾ, ಕರೆಂಟು ಮೈವೊಳಗ ಹರಿದ್ರ ನಮ್ಗ್ಯಾಕ ಶಾಕ್ ಹೊಡಿಯಲ್ಲ?”

ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ, ಅಂದರೆ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳ ಕಥೆ, ಬರೋದು ಹನ್ನೊಂದನೇ ತರಗತಿಯಲ್ಲಿ. ವಿಜ್ಞಾನ ತಗೊಂಡ ಹೆಚ್ಚಿನ ಮಕ್ಕಳು ಅಷ್ಟರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ದಾಟಿರುತ್ತಾರೆ, ಅದು ತಾಳವಾಡಿಯಲ್ಲಿ ಮಾತ್ರ ಅಲ್ಲ, ಮೈಸೂರಿನಲ್ಲೂ. ವಿಜ್ಞಾನ ತಗೊಳ್ಳದವರು ಅಲ್ಲಿಗೇ ಬಿಡುತ್ತಾರೆ. ಅಂದರೆ ತಂತಿಯ ಚಿತ್ರ ಕನ್ನಡದಲ್ಲಿ ಸಿಗುತ್ತದೆ, ಆ ಚಿತ್ರವನ್ನು ತಿದ್ದುವ ಪಾಠ ಕನ್ನಡದಲ್ಲಿ ಸಿಗೋದೇ ಇಲ್ಲ. ಬಹುಪಾಲು ಕನ್ನಡಿಗರಿಗೆ ತಮ್ಮ ಮೈಯ ಬಗ್ಗೆ ತಮ್ಮ ಭಾಷೆಯಲ್ಲಿ ಸಿಗುವ ಕೊನೆಯ ವಾಕ್ಯ ಇದು. ಆದ್ದರಿಂದ ಇದನ್ನು ಒಂದು ಪದ್ಯದ ಸಾಲನ್ನು ನೋಡುವಷ್ಟೇ ಎಚ್ಚರದಿಂದ ನೋಡಬೇಕು ಅಂತ ನನಗನ್ನಿಸಿತು.

ಮೊದಲು ಪದ. ನರ ದ್ರಾವಿಡದ ಹಳೆಯ ಪದ. ತಮಿಳಿನ ನರಂಬು, ಮಲಯಾಳದ ಞರಂಬು, ತೆಲುಗಿನ ನರಮು ಇದರ ಒಡಹುಟ್ಟುಗಳು. ಮೂಲದಲ್ಲಿ ಇದಕ್ಕೆ ಎಳೆಯ ಹಾಗಿರುವುದು, ಬಿಗಿದುಕೊಳ್ಳುವುದು ಅನ್ನುವ ಅರ್ಥ ಪ್ರಧಾನ. ಮಾಂಸವನ್ನು ಎಲುಬಿಗೆ ಕಟ್ಟುವ ಎಳೆಯೂ ನರ, ರಕ್ತನಾಳವೂ ನರ. ತಮಿಳಿನಲ್ಲಿ ಯಾಳ್ ವಾದ್ಯದ ತಂತಿಗೂ ನರಂಬು ಅಂತಲೇ ಹೆಸರು. ಗ್ರೀಕಿನ ನ್ಯೂರಾನ್ ಕೂಡ ಮೊದಲು ಸ್ನಾಯುರಜ್ಜು, ಬಿಲ್ಲಿನ ಹೆದೆ ಅನ್ನುವ ಅರ್ಥದಲ್ಲೇ ಇತ್ತು. ಸ್ನಾಯು ಎಂಬ ಸಂಸ್ಕೃತ ಪದದ ಪ್ರಯಾಣ ಇನ್ನೂ ತಮಾಷೆ: ಬಂಗಾಳಿಯಲ್ಲಿ ಅದು ನರ, ನಮ್ಮಲ್ಲಿ ಅದು ಮಾಂಸಖಂಡ. ಅಂತೂ ವಿದ್ಯುತ್ತು ಮನುಷ್ಯರ ಮಾತಿಗೆ ಬರುವ ಎಷ್ಟೋ ಮೊದಲೇ ನರ ಒಂದು ತಂತಿಯಾಗಿತ್ತು, ಮೀಟುವ ತಂತಿ. ಟೆಲಿಗ್ರಾಫ್ ಬಂದಾಗ ಕನ್ನಡ ಅದೇ ‘ತಂತಿ’ಯನ್ನು ಅದಕ್ಕೂ ಕೊಟ್ಟಿತು. ತಂತಿ ಬಂತು ಅಂದರೆ ಸಾವಿನ ಸುದ್ದಿ ಅಂತ ಹೆದರುತ್ತಿದ್ದ ತಲೆಮಾರು ಇತ್ತು. ಭಾರತದಲ್ಲಿ ಆ ಸೇವೆ ನಿಂತದ್ದು 2013ರ ಜುಲೈನಲ್ಲಿ, ನಮ್ಮಲ್ಲಿ ಹೆಚ್ಚಿನವರು ಒಂದು ತಂತಿಯನ್ನೂ ಕಂಡವರಲ್ಲ. ಹೀಗೆ ನರ ಮತ್ತು ವಿದ್ಯುತ್ ತಂತಿ ಒಂದಾದದ್ದು ಕನ್ನಡಕ್ಕೆ ಸಹಜವಾಗಿಯೇ ಕಂಡಿರಬೇಕು.

ಇದು ಕನ್ನಡದ ದೋಷ ಮಾತ್ರ ಅಲ್ಲ. ಯುರೋಪಿನಲ್ಲೂ ಹೀಗೇ ಆಯಿತು. 1791ರಲ್ಲಿ ಗಾಲ್ವಾನಿ ಕಪ್ಪೆಯ ಕಾಲಿನ ಪ್ರಯೋಗಗಳನ್ನು ಪ್ರಕಟಿಸಿದ. ಆಮೇಲೆ ನರಕ್ಕೂ ವಿದ್ಯುತ್ತಿಗೂ ಸಂಬಂಧ ಇದೆ ಅನ್ನೋದು ಖಚಿತವಾಗುತ್ತಾ ಹೋಯಿತು. ನರದ ವೇಗವನ್ನು ಅಳೆಯೋಕೆ ಆಗೋದೇ ಇಲ್ಲ ಅಂತ ಯೋಹಾನಸ್ ಮ್ಯೂಲರ್ ಅಂದುಕೊಂಡಿದ್ದ. ಅವನ ಶಿಷ್ಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಅಳೆದೇ ಬಿಟ್ಟ. ಬಂದ ಉತ್ತರ ಸೆಕೆಂಡಿಗೆ ಸುಮಾರು 27 ಮೀಟರ್. ಗಂಟೆಗೆ ನೂರು ಕಿಲೋಮೀಟರಿಗೂ ಕಡಿಮೆ, ಹೆದ್ದಾರಿಯ ಕಾರಿನಷ್ಟು. ಗಾಳಿಯಲ್ಲಿ ಶಬ್ದ ಇದಕ್ಕಿಂತ ಹನ್ನೆರಡು ಪಟ್ಟು ಬೇಗ ಹೋಗುತ್ತದೆ, ತಾಮ್ರದ ತಂತಿಯಲ್ಲಿ ವಿದ್ಯುತ್ ಸಂಕೇತ ಲಕ್ಷಾಂತರ ಪಟ್ಟು ಬೇಗ. ಅಷ್ಟಾದರೂ ಹೆಲ್ಮ್‌ಹೋಲ್ಟ್ಸ್ ನರವನ್ನು ಟೆಲಿಗ್ರಾಫ್ ತಂತಿಗೇ ಹೋಲಿಸಿದ. ಆ ಕಾಲದ ಬೆರಗು ಅದು, ಬಿಡಿ. ಆದರೆ ಟೆಲಿಗ್ರಾಫಿನಲ್ಲಿ ಇನ್ನೊಂದು ಸಾಧನವೂ ಇತ್ತು. ದೂರ ಹೋದಂತೆ ಸಂಕೇತ ಸೊರಗುತ್ತದೆ, ಆದ್ದರಿಂದ ನಡುನಡುವೆ ರಿಲೇ ಇಟ್ಟು ಬಂದ ಸಂಕೇತವನ್ನು ಹೊಸ ಬಲದಿಂದ ಮುಂದಕ್ಕೆ ಕಳಿಸುತ್ತಿದ್ದರು. ನಮ್ಮ ಪಾಠದ ವಾಕ್ಯ ತಂತಿಯನ್ನು ಎತ್ತಿಕೊಂಡು ರಿಲೇಯನ್ನು ಬಿಟ್ಟಿತು. ನರಕ್ಕೆ ನಿಜವಾಗಿ ಹತ್ತಿರವಾದದ್ದು ಬಿಟ್ಟುಬಂದ ಆ ಅರ್ಧವೇ.

ಈಗ ಹುಡುಗಿಯ ಪ್ರಶ್ನೆಗೆ ಬರ್ತೀನಿ. ತಾಳವಾಡಿಯ ಮಕ್ಕಳಿಗೆ ವಿದ್ಯುತ್ತು ಅಂದರೆ ಮೊದಲು ನೆನಪಾಗೋದು ಸ್ವಿಚ್ಚಲ್ಲ, ಬೇಲಿ. ಸುತ್ತ ಹುಲಿ ಸಂರಕ್ಷಿತ ಕಾಡು. ಆನೆ ಹೊಲಕ್ಕೆ ಬರುತ್ತದೆ. ಆದ್ದರಿಂದ ಸೋಲಾರ್ ಬೇಲಿ. ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ಟಕ್, ಟಕ್ ಅಂತ ಒಂದೊಂದು ಹೊಡೆತ ಬಿಡುತ್ತದೆ. ಒಂದೊಂದು ಹೊಡೆತವೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನದು, ಅದಕ್ಕೇ ಅದು ಬೆದರಿಸುತ್ತದೆ, ಕೊಲ್ಲುವುದಿಲ್ಲ. (ಕಳ್ಳತನದಿಂದ ಮನೆ ಲೈನನ್ನೇ ಬೇಲಿಗೆ ಕೊಟ್ಟರೆ ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಅದು ಬೇರೆ ಮಾತು.) ಮಳೆ ಬಿದ್ದ ಮೇಲೆ ಬೇಲಿಯ ಕೆಳಗೆ ಹುಲ್ಲು ಬೆಳೆದು ತಂತಿಗೆ ತಾಗಿದರೆ ಏನಾಗ್ತದೆ ಅಂತ ಕೇಳಿ, ಯಾವ ಮಗು ಬೇಕಾದರೂ ಹೇಳುತ್ತೆ: ಕರೆಂಟು ನೆಲಕ್ಕೆ ಸೋರಿ ಹೋಗ್ತದ, ಆ ತುದೀಲಿ ಬೇಲಿ ಸತ್ತಿರ್ತದ. ಅದಕ್ಕೇ ಮನೆಯವರು ಬೇಲಿಯ ಬುಡ ಸವರುತ್ತಿರುತ್ತಾರೆ.

ನರತಂತು ಹೀಗೆ ಉದ್ದಕ್ಕೂ ಹುಲ್ಲು ತಾಗಿದ ಬೇಲಿ. ಅದರ ಒಳಗಿರೋದು ಲೋಹ ಅಲ್ಲ, ಉಪ್ಪುನೀರಿನಂಥ ದ್ರವ ತುಂಬಿದ ಅತಿ ಸಣ್ಣ ಕೊಳವೆ. ಸುತ್ತಲಿನ ಪೊರೆ ಸೋರುತ್ತದೆ. ಇಂಥದರಲ್ಲಿ ವಿದ್ಯುತ್ತು ಬರೀ ಹರಿಯೋದಾದರೆ ಕೆಲವೇ ಮಿಲಿಮೀಟರಿನಲ್ಲಿ ಸೊರಗಿ ಹೋಗಬೇಕು. ಕಾಲಿನ ಹೆಬ್ಬೆರಳಿಂದ ಸೊಂಟದ ಹತ್ತಿರದ ಬೆನ್ನುಹುರಿಗೆ ಸುಮಾರು ಒಂದು ಮೀಟರ್. ಹರಿದು ತಲುಪೋದು ಸಾಧ್ಯವೇ ಇಲ್ಲ. ಆದರೂ ಸಂಕೇತ ಹೊರಟಷ್ಟೇ ಬಲದಿಂದ ತಲುಪುತ್ತದೆ, ಒಂದಿಷ್ಟೂ ಕಡಿಮೆಯಾಗದೆ. ನರದ ಬಗ್ಗೆ ಹೇಳಬೇಕಾದ ಆಶ್ಚರ್ಯ ಇದು. ‘ಹರಿಯುತ್ತದೆ’ ಅಂದ ಕೂಡಲೇ ಈ ಆಶ್ಚರ್ಯ ಮಾಯವಾಗುತ್ತದೆ, ಯಾಕೆಂದರೆ ಹರಿಯುವ ವಸ್ತು ತಲುಪೋದರಲ್ಲಿ ಆಶ್ಚರ್ಯ ಏನಿದೆ?

ನಡೆಯೋದು ಹೀಗೆ. ಸುಮ್ಮನಿರುವಾಗ ತಂತುವಿನ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಪೊರೆಯಲ್ಲಿ ಬಾಗಿಲುಗಳಿವೆ. ಒಂದು ಜಾಗದಲ್ಲಿ ಈ ವ್ಯತ್ಯಾಸ ಒಂದು ಮಿತಿಯವರೆಗೆ ಇಳಿದರೆ ಸೋಡಿಯಂ ಬಾಗಿಲು ಪಟ್ಟನೆ ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಒಳಭಾಗ ಕ್ಷಣಮಾತ್ರ ಧನವಾಗುತ್ತದೆ. ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಆ ಬಾಗಿಲು ಮುಚ್ಚುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗಿ ಜಾಗ ಮೊದಲಿನಂತಾಗುತ್ತದೆ. ಅಷ್ಟರಲ್ಲಿ ಪಕ್ಕದ ಜಾಗಕ್ಕೆ ಅದರ ಬಿಸಿ ತಟ್ಟಿ ಅಲ್ಲೂ ಬಾಗಿಲು ತೆರೆದಿರುತ್ತದೆ. ಗಮನಿಸಿ, ಅಯಾನುಗಳು ದಾಟುವುದು ಅಡ್ಡಕ್ಕೆ, ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ. ಸುದ್ದಿ ಹೋಗುವುದು ಉದ್ದಕ್ಕೆ. ಹೆಬ್ಬೆರಳಿನ ಹತ್ತಿರ ಒಳಹೊಕ್ಕ ಸೋಡಿಯಂ ಬೆನ್ನುಹುರಿಗೆ ಬರೋದಿಲ್ಲ, ಅಲ್ಲೇ ಇರುತ್ತದೆ. ‘ಹರಿಯುತ್ತದೆ’ ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಪಕ್ಕದ ಜಾಗವನ್ನು ತಟ್ಟುವ ಆ ಒಂದೆರಡು ಮಿಲಿಮೀಟರ್‌ನಲ್ಲಿ ಹರಿವು ಇದ್ದೇ ಇದೆ. ಉಳಿದ ದಾರಿಗೆ ಆ ಕ್ರಿಯಾಪದ ಸಲ್ಲದು.

ಇದನ್ನೆಲ್ಲ ಕಂಡುಹಿಡಿದವರು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ. ಅವರಿಗೆ ಸಿಕ್ಕ ನರ ಬೊಂಡಾಸಿನದು, ನಮ್ಮ ಕರಾವಳಿಯವರು ತಿನ್ನುವ ಅದೇ ಬೊಂಡಾಸ್. ಅದರ ದೈತ್ಯ ನರತಂತು ಅರ್ಧ ಮಿಲಿಮೀಟರಿನಷ್ಟು ದಪ್ಪ, ಒಳಕ್ಕೇ ಒಂದು ಸೂಕ್ಷ್ಮ ಕಡ್ಡಿ ತೂರಿಸಿ ಅಳೆಯಬಹುದು. 1939ರಲ್ಲಿ ಶುರುವಾದ ಕೆಲಸ ಯುದ್ಧದಲ್ಲಿ ನಿಂತು, 1952ರಲ್ಲಿ ಪ್ರಬಂಧಗಳಾಗಿ ಬಂತು, 1963ರಲ್ಲಿ ನೊಬೆಲ್ ಸಿಕ್ಕಿತು. ಹಕ್ಸ್‌ಲಿ ಸಮೀಕರಣಗಳನ್ನು ಬಿಡಿಸಿದ್ದು ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದಲ್ಲಿ.

ಇದಕ್ಕೆ ಕನ್ನಡದ ಕ್ರಿಯಾಪದ ಯಾವುದು? ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದದ್ದನ್ನು ಬೆಟ್ಟದ ಮಕ್ಕಳು ನೋಡಿರುತ್ತಾರೆ. ಬೆಂಕಿ ಆ ತುದಿಯಿಂದ ಈ ತುದಿಗೆ ಬಂತು ಅಂತೀವಿ. ಬಂದದ್ದು ಯಾವುದು? ಒಂದು ಹುಲ್ಲೂ ಜಾಗ ಬಿಟ್ಟು ಕದಲಿಲ್ಲ. ಒಂದೊಂದು ಬುಡವೂ ತನ್ನದೇ ಸೌದೆಯಿಂದ ಉರಿದು ಪಕ್ಕದ್ದಕ್ಕೆ ಹತ್ತಿಸಿತು. ಕೊನೆಯ ಹುಲ್ಲು ಮೊದಲ ಹುಲ್ಲಿನಷ್ಟೇ ಜೋರಾಗಿ ಉರಿಯಿತು. ಸುಟ್ಟ ಜಾಗಕ್ಕೆ ಬೆಂಕಿ ಹಿಂದಿರುಗಿ ಬರೋದಿಲ್ಲ. ನರದಲ್ಲೂ ಈಗಷ್ಟೇ ಉರಿದ ಜಾಗ ಸ್ವಲ್ಪ ಹೊತ್ತು ಮತ್ತೆ ಹತ್ತುವುದಿಲ್ಲ, ಸಂಕೇತ ಮುಂದಕ್ಕೇ ಹೋಗಲು ಅದೇ ಕಾರಣ. ವ್ಯತ್ಯಾಸ ಒಂದೇ, ಹುಲ್ಲು ಮತ್ತೆ ಬೆಳೆಯಲು ಮಳೆ ಬೇಕು, ನರಕ್ಕೆ ಕೆಲವು ಮಿಲಿಸೆಕೆಂಡು ಸಾಕು.

ಇಲ್ಲಿ ಕನ್ನಡ ಒಂದು ವಿಚಿತ್ರ ಅನುಕೂಲ ಮಾಡಿಕೊಡುತ್ತದೆ. ಹೊರು ಧಾತುವಿನಿಂದ ‘ಹೊತ್ತು’: ನರ ಸುದ್ದಿಯನ್ನು ಹೊತ್ತು ಸಾಗುತ್ತದೆ. ಉರಿ ಹತ್ತುವ ಅರ್ಥದ ಧಾತುವಿನಿಂದ ‘ಹೊತ್ತಿ’: ನರದಲ್ಲಿ ಸುದ್ದಿ ಹೊತ್ತಿ ಸಾಗುತ್ತದೆ. ಒಂದು ಸ್ವರ ಬದಲಾಯಿತು, ಹಮಾಲಿ ಹೋಗಿ ಬೆಂಕಿ ಬಂತು. ನಮ್ಮ ಪಾಠಗಳಿಗೆ ಬೇಕಾಗಿರುವ ತಿದ್ದುಪಡಿ ಇಷ್ಟೇ ಚಿಕ್ಕದು. ಹೊಸ ಪಾರಿಭಾಷಿಕ ಪದ ಬೇಡ, ಸಮಿತಿ ಬೇಡ.

ನಾವು ಸಾಹಿತ್ಯದವರು ಇನ್ನೊಂದನ್ನೂ ಗಮನಿಸಬೇಕು. ವಿಜ್ಞಾನದ ಕನ್ನಡ ನರದ ವಿಷಯಕ್ಕೆ ಬಂದಾಗ ಅಲಂಕಾರಶಾಸ್ತ್ರದ ಮನೆಯಿಂದಲೇ ಪದ ತಂದಿದೆ. ನರಾವೇಗದ ‘ಆವೇಗ’ ಭರತ ಹೇಳುವ 33 ವ್ಯಭಿಚಾರಿ ಭಾವಗಳಲ್ಲಿ ಒಂದು. ‘ಸಂವೇದನೆ’ ನವ್ಯ ವಿಮರ್ಶೆಯ ಕೈಯಲ್ಲಿ ಸವೆದು ಹೊಳಪಾದ ಪದ, ವಿಜ್ಞಾನದಲ್ಲಿ ಬಿಸಿ ತಣ್ಣನೆ ಗೊತ್ತಾಗೋದಕ್ಕೂ ಅದೇ. ಮನೋವಿಜ್ಞಾನದ ‘ಉದ್ದೀಪನ’ವಂತೂ ನೇರವಾಗಿ ವಿಭಾವದ ಪಾಠದಿಂದ ಬಂದದ್ದು. ಉದ್ದೀಪನ ಅಂದರೆ ಹೊತ್ತಿಸುವುದು! ನಾಮಪದದಲ್ಲಿ ಬೆಂಕಿ ಮೊದಲೇ ಇತ್ತು. ಅದರ ಪಕ್ಕದಲ್ಲಿ ‘ಪ್ರವಾಹ’, ‘ಹರಿವು’ ಅಂತ ನೀರು ತಂದು ಸುರಿದೆವು.

ಮಯಲಿನ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಕೆಲವು ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಬೇಲಿಯ ಬುಡ ಸವರಿದ ಹಾಗೆ, ಅಲ್ಲಿ ಸೋರಿಕೆ ಕಡಿಮೆ. ಹೊದಿಕೆ ನಡುನಡುವೆ, ಹೆಚ್ಚುಕಡಿಮೆ ಮಿಲಿಮೀಟರಿಗೊಂದು ಕಡೆ, ಬಿಟ್ಟುಕೊಂಡಿರುತ್ತದೆ. ಹೊತ್ತಿಕೊಳ್ಳೋದು ಆ ಬಿಟ್ಟ ಜಾಗಗಳಲ್ಲಿ ಮಾತ್ರ. ಹೆಬ್ಬೆರಳಿಂದ ಬೆನ್ನುಹುರಿಗೆ ಬರುವಷ್ಟರಲ್ಲಿ ಸುಮಾರು ಸಾವಿರ ಸಲ ಹೊತ್ತಬೇಕು. ಹೀಗೆ ನೆಗೆಯುತ್ತಾ ಹೋಗುವ ದಪ್ಪ ತಂತುಗಳಲ್ಲಿ ವೇಗ ಸೆಕೆಂಡಿಗೆ 100 ಮೀಟರ್ ದಾಟಬಹುದು. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು, ಅಂದರೆ ಸಂತೆಗೆ ನಡೆದುಕೊಂಡು ಹೋಗುವವರ ವೇಗ.

ಈ ಎರಡು ವೇಗಗಳನ್ನು ಕನ್ನಡ ಮೊದಲಿಂದಲೂ ಬಲ್ಲದು, ಅದೂ ಪಾಠದ ಕನ್ನಡ ಅಲ್ಲ, ಹೊಲದ ಕನ್ನಡ. ಬರಿಗಾಲಿಗೆ ಮುಳ್ಳು ಚುಚ್ಚಿದಾಗ ಮೊದಲು ‘ಚುಳ್’ ಅನ್ನುತ್ತದೆ, ಒಂದು ಗಳಿಗೆ ಬಿಟ್ಟು ‘ಉರಿ’ ಬರುತ್ತದೆ. ಚುಳ್ ಅಂದದ್ದು ತೆಳು ಹೊದಿಕೆಯ ಬೇಗದ ತಂತುಗಳಲ್ಲಿ ಬಂದ ಸುದ್ದಿ. ಉರಿ ನಿಧಾನದ ತಂತುಗಳಲ್ಲಿ ನಡೆದು ಬಂದದ್ದು. ಕಾಲಿನಿಂದ ಬರಬೇಕಾದ್ದರಿಂದ ನಡುವೆ ಒಂದು ಸೆಕೆಂಡಿನಷ್ಟು ಅಂತರ. ನಮ್ಮ ಅನುಕರಣ ಪದಗಳು ಇದನ್ನು ಬೇರೆ ಬೇರೆಯಾಗಿಯೇ ಇಟ್ಟಿವೆ: ಚುಳ್, ಚಳುಕು, ಜುಮ್ಮು, ಜೋಮು, ಸೆಳೆತ, ಉರಿ. ಭಾಷಾವಿಜ್ಞಾನದ ತರಗತಿಯಲ್ಲಿ ಅನುಕರಣ ಪದಗಳನ್ನು ಬರೀ ಧ್ವನಿಯ ಆಟ ಅಂತ ದಾಟಿಸಿಬಿಡುತ್ತೇವೆ. ಪಾಠದ ಪುಸ್ತಕ ಬರೆಯುವವರು ಇವುಗಳಿಂದ ಶುರು ಮಾಡಬಹುದಿತ್ತು. ಮಗುವಿಗೆ ತಾನು ಈಗಾಗಲೇ ಬಲ್ಲದ್ದನ್ನೇ ಓದುತ್ತಿದ್ದೇನೆ ಅನ್ನಿಸುತ್ತಿತ್ತು.

ಇದರಿಂದ ಏನಾಗಬೇಕು, ಒಂದು ಕ್ರಿಯಾಪದಕ್ಕೆ ಇಷ್ಟು ಹೊತ್ತು ಯಾಕೆ ಅಂತ ಕೇಳಬಹುದು. ಕಟ್ಟುಹಾವಿನ ಮಾತು ಹೇಳ್ತೀನಿ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುವ ಹಾವು ಅದು, ಕಚ್ಚಿದ ಜಾಗದಲ್ಲಿ ನೋವು, ಬಾವು ಹೆಚ್ಚೇನೂ ಇರೋದಿಲ್ಲ. ಊರಲ್ಲಿ ‘ವಿಷ ನರಕ್ಕೆ ಏರ್ತದ’ ಅಂತಾರೆ. ರಕ್ತನಾಳವೂ ನರ, ನರವೂ ನರ, ಎರಡೂ ಹರಿಯುವ ಕೊಳವೆಗಳು. ಆಸ್ಪತ್ರೆಯಲ್ಲೂ ‘ನರಕ್ಕೆ ಇಂಜೆಕ್ಷನ್’ ಅಂದರೆ ರಕ್ತನಾಳಕ್ಕೆ ಕೊಡೋದೇ ತಾನೆ? ಹರಿಯುವುದಾದರೆ ಕಟ್ಟಿ ನಿಲ್ಲಿಸಬಹುದು ಅನ್ನೋದು ಸರಳ ತರ್ಕ. ಆದ್ದರಿಂದ ಹಗ್ಗ ತಗೊಂಡು ಬಿಗಿಯಾಗಿ ಕಟ್ಟುತ್ತಾರೆ. ಹಾಗೆ ಬಿಗಿಯಾಗಿ ಕಟ್ಟಬಾರದು ಅಂತ ವೈದ್ಯರು ಹೇಳುತ್ತಲೇ ಇದ್ದಾರೆ. ಕಟ್ಟುಹಾವಿನ ವಿಷ ನರತಂತುವಿನ ಉದ್ದಕ್ಕೂ ಏರೋದಿಲ್ಲ. ಮೈಯೆಲ್ಲ ಸೇರಿ, ನರ ಸ್ನಾಯುವಿಗೆ ಸುದ್ದಿ ಕೊಡುವ ತುದಿಯನ್ನು ಕೆಡಿಸುತ್ತದೆ. ತಂತುವಿನಲ್ಲಿ ಸಂಕೇತ ಎಂದಿನಂತೆ ಹೊತ್ತಿ ಬರುತ್ತದೆ, ತುದಿಯಲ್ಲಿ ದಾಟೋದಿಲ್ಲ. ಅದಕ್ಕೇ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರು. ಬೇಕಾದ್ದು ಹಗ್ಗ ಅಲ್ಲ, ಆಸ್ಪತ್ರೆ, ಪ್ರತಿವಿಷ, ಬೇಕಾದರೆ ಉಸಿರಿನ ಯಂತ್ರ. ಒಂದು ಒಳ್ಳೆಯ ವಾಕ್ಯ ಹಗ್ಗ ಬಿಚ್ಚಿಸುತ್ತದೆ ಅಂತ ನಾನು ಹೇಳೋದಿಲ್ಲ. ಆದರೆ ಹಗ್ಗ ಕಟ್ಟಿಸುವ ತರ್ಕಕ್ಕೆ ನಮ್ಮ ಪಾಠದ ವಾಕ್ಯ ಎದುರು ನಿಲ್ಲುತ್ತಿಲ್ಲ, ಬೆಂಬಲವನ್ನೇ ಕೊಡುತ್ತಿದೆ. ಕಾರಂತರು ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಕೂತು ಬರೆದ ಭಾಷೆ ಇದು. ಇಲ್ಲಿ ಶಕ್ತಿ ಇಲ್ಲ ಅನ್ನೋ ನೆಪ ನಡೆಯೋದಿಲ್ಲ.

ಅಂದಹಾಗೆ ಹುಡುಗಿಗೆ ಕೊಟ್ಟ ಉತ್ತರ: ನಿನ್ನ ಮೈಯ ಕರೆಂಟು ಒಂದು ವೋಲ್ಟಿನ ಹತ್ತನೇ ಒಂದು ಭಾಗದಷ್ಟು, ಅದೂ ಅಲ್ಲಲ್ಲೇ ಹೊತ್ತಿ ಅಲ್ಲಲ್ಲೇ ಆರುತ್ತದೆ, ಬೇಲಿಯ ಹಾಗೆ ಎಲ್ಲಿಂದಲೋ ಬರೋದಲ್ಲ. ಅವಳು ತಲೆಯಾಡಿಸಿ, “ಹಂಗಾರ ಪುಸ್ತಕದಲ್ಲಿ ಹರಿತದ ಅಂತ ಯಾಕ ಬರದವ್ರ?” ಅಂದಳು.

ಚರ್ಚೆ

ಒಬ್ಬ ಸಹಪಾಠಿ: ಪ್ರತಿ ಜಾಗವೂ ತನ್ನದೇ ಬಲದಿಂದ ಹೊತ್ತಿಕೊಳ್ಳಬೇಕು ಅಂದಿರಿ. ಇದು ಗಡಿನಾಡಿನ ಕನ್ನಡಕ್ಕೇ ಒಂದು ರೂಪಕ ಅಲ್ವಾ? ಬೆಂಗಳೂರಿನಿಂದ ಹರಿದು ಬರೋದಲ್ಲ, ತಾಳವಾಡಿಯಲ್ಲಿ ಅಲ್ಲೇ ಹೊತ್ತಬೇಕು ಅಂತ?

ನಾನು: ಆ ಆಸೆ ನನಗೂ ಆಯಿತು. ಬೇಕು ಅಂತಲೇ ಬಿಟ್ಟೆ. ಗಡಿಯ ಕನ್ನಡಕ್ಕೆ ಬೇಕಾಗಿರೋದು ಮೇಷ್ಟ್ರು, ಪುಸ್ತಕ, ಹತ್ತನೇ ತರಗತಿ ಆದಮೇಲೆ ಓದೋಕೆ ಒಂದು ದಾರಿ. ರೂಪಕದಿಂದ ಅದಕ್ಕೆ ಏನೂ ಆಗೋದಿಲ್ಲ. ನರವನ್ನು ಅರ್ಥ ಮಾಡಿಸೋಕೆ ಹೊರಟು ಅದನ್ನೇ ಇನ್ನೊಂದಕ್ಕೆ ಉಪಮಾನ ಮಾಡಿಕೊಂಡರೆ, ಮತ್ತೆ ಕಾದಂಬರಿಯ ವಿದ್ಯುತ್ ಸಂಚಾರಕ್ಕೇ ವಾಪಸ್ ಹೋದ ಹಾಗೆ.

ಒಬ್ಬ ಪ್ರಾಧ್ಯಾಪಕರು: ನಿಮ್ಮ ‘ಹೊತ್ತಿ’ ತರಗತಿಗೆ ಸರಿ. ಸಕ್ಕರೆ ಕಾಯಿಲೆಯಲ್ಲಿ ನರ ಕೆಟ್ಟು ಪಾದ ಉರಿಯುವವರಿಗೆ ‘ನರದಲ್ಲಿ ಹೊತ್ತಿಕೊಳ್ಳುತ್ತದೆ’ ಅಂದರೆ ಅವರು ಏನು ತಿಳಿಯಬೇಕಮ್ಮಾ?

ನಾನು: ಸರ್, ಅಲ್ಲಿ ಆ ಪದ ಬೇಡವೇ ಬೇಡ. ಉರಿಯುವ ಪಾದ ಇಟ್ಟುಕೊಂಡವರಿಗೆ ಬೆಂಕಿಯ ಮಾತಾಡಿದರೆ, ನರ ಸುಡುತ್ತಿದೆ, ನೀರು ಹಾಕಬೇಕು ಅಂತಲೇ ತಿಳೀತಾರೆ. ವೈದ್ಯರ ಕೋಣೆಗೆ ಬೇರೆ ಕ್ರಿಯಾಪದ ಬೇಕು. ‘ಎಬ್ಬಿಸು’ ಆಗಬಹುದು ಅನ್ಸುತ್ತೆ. ನರದ ಒಂದು ತುಣುಕು ಎದ್ದು ಪಕ್ಕದ್ದನ್ನ ಎಬ್ಬಿಸುತ್ತೆ, ಅದು ಇನ್ನೊಂದನ್ನ. ಕಾಯಿಲೆ ಬಂದ ನರದಲ್ಲಿ ಯಾರೂ ಎಬ್ಬಿಸದೆಯೂ ಕೆಲವು ತಾವಾಗೇ ಏಳ್ತವೆ, ಮುಳ್ಳಿಲ್ಲದೆ ಉರಿ. ಕೆಲವು ಎಬ್ಬಿಸಿದರೂ ಏಳಲ್ಲ, ಮುಳ್ಳಿದ್ದರೂ ಗೊತ್ತಾಗಲ್ಲ. ಹಲ್ಲು ಕೀಳುವಾಗ ಕೊಡುವ ಮರಗಟ್ಟಿಸುವ ಇಂಜೆಕ್ಷನ್ನೂ ಇದೇ: ಅದು ಸೋಡಿಯಂ ಬಾಗಿಲು ತೆರೆಯದ ಹಾಗೆ ಹಿಡಿದಿರುತ್ತೆ, ಆ ಜಾಗ ಏಳಲ್ಲ, ಮುಂದಿನದನ್ನ ಎಬ್ಬಿಸಲ್ಲ. ಮನೇಲಿ ಅಜ್ಜಿಗೆ ಹೀಗೆ ಹೇಳಿದೆ. “ಹಂಗಾರ ದಿನಾ ಪಾದ ನೋಡ್ಕೋಬೇಕು ಅನ್ನು, ಅದು ಏಳದೇ ಹೋದ್ರ ಗಾಯ ಆದ್ದು ನಂಗ ಹೆಂಗ ಗೊತ್ತಾದ್ದು” ಅಂದ್ರು. ವೈದ್ಯರು ಮಾಡು ಅನ್ನೋದೂ ಅದನ್ನೇ, ಸರ್.